ಕಾಣದೂರಿನ ಗೆಳೆಯರು

ಹೈಸ್ಕೂಲಿಗೆ ಹೋಗುವ ಮಗನೋ, ಕಾಲೇಜು ಮೆಟ್ಟಿಲು ಹತ್ತಿದ ಮಗಳೋ ಮನೆಯ ಮೂಲೆಯಲ್ಲಿ ಕುಳಿತು ಮೊಬೈಲ್ ನೋಡುತ್ತಾ ತಮ್ಮಷ್ಟಕ್ಕೆ ತಾವೇ ಕಿಸಕ್ಕೆಂದು ನಗುವುದು ಈಗ ಎಲ್ಲ ಮನೆಗಳಲ್ಲೂ ಕಾಣಸಿಗುವ ದೃಶ್ಯ. "ಯಾರ ಜೊತೇನೋ ಅದು?" ಎಂದು ಅಡುಗೆಮನೆಯಿಂದ ಅಮ್ಮ ಕೇಳುತ್ತಾರೆ. "ಫ್ರೆಂಡ್ಸಮ್ಮಾ." "ಯಾವೂರಿನವರು?" "ಗೊತ್ತಿಲ್ಲ." "ಹೆಸರಾದ್ರೂ ಏನು?" ಹೆಸರು ಹೇಳಿದರೆ ಅದು ಮನುಷ್ಯರ ಹೆಸರಿನಂತೆಯೇ ಇರುವುದಿಲ್ಲ! ಅಮ್ಮನ ಎದೆ ಧಸಕ್ಕೆಂದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೆ ಮುಖ ನೋಡದ ಗೆಳೆತನ ಹೊಸದೇನಲ್ಲ. ಇಂದು ಗಾಬರಿಗೊಳ್ಳುವ ತಂದೆ ತಾಯಂದಿರಲ್ಲೇ ಎಷ್ಟೋ ಮಂದಿ ಒಂದು ಕಾಲಕ್ಕೆ 'ಪತ್ರಮಿತ್ರ'ರಾಗಿದ್ದವರು. ವಾರಪತ್ರಿಕೆಯ ಅಂಕಣದಲ್ಲಿ ಅಚ್ಚಾದ ಹೆಸರು, ವಯಸ್ಸು, ಹವ್ಯಾಸಗಳನ್ನು ನೋಡಿ, ಹದಿನೈದು ಪೈಸೆಯ ಕಾರ್ಡನ್ನೋ ಇನ್‌ಲ್ಯಾಂಡ್ ಲೆಟರನ್ನೋ ಬರೆದು, ಉತ್ತರಕ್ಕಾಗಿ ಅಂಚೆಯವನ ದಾರಿ ಕಾದವರು. ಗುಲಬರ್ಗಾದ ಹುಡುಗನಿಗೂ ಪುತ್ತೂರಿನ ಹುಡುಗನಿಗೂ ನಡುವೆ ಪರೀಕ್ಷೆಯ ಭಯ, ಅಪ್ಪನ ಬೈಗುಳ, ಹೊಸ ಸಿನಿಮಾ, ಎಲ್ಲವೂ ಆ ನೀಲಿ ಕಾಗದದ ಮೇಲೆ ಓಡಾಡುತ್ತಿದ್ದವು. ಎಷ್ಟೋ ಜೋಡಿಗಳು ಒಮ್ಮೆಯೂ ಭೇಟಿಯಾಗಲೇ ಇಲ್ಲ. ಆದರೂ ಅವರು ಗೆಳೆಯರಲ್ಲ ಎಂದು ಯಾರೂ ಹೇಳಲಿಲ್ಲ.

ಇನ್ನೂ ಹಿಂದಕ್ಕೆ ಹೋಗಬಹುದು. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಒಂದೇ ತಂತಿಗೆ ಹಲವಾರು ಟೆಲಿಗ್ರಾಫ್ ಕಚೇರಿಗಳನ್ನು ಜೋಡಿಸಿರುತ್ತಿದ್ದರು. ಒಂದು ಕಡೆ ಕುಟ್ಟಿದ ಕಟಕಟ ಶಬ್ದ ಆ ದಾರಿಯ ಎಲ್ಲ ಕಚೇರಿಗಳಲ್ಲೂ ಕೇಳಿಸುತ್ತಿತ್ತು. ಕೆಲಸವಿಲ್ಲದ ಹೊತ್ತಿನಲ್ಲಿ ತಂತಿ ಗುಮಾಸ್ತರು ಸುಮ್ಮನಿರುತ್ತಾರೆಯೇ? ಹರಟೆ, ತಮಾಷೆ, ಮೇಲಧಿಕಾರಿಯ ಮೇಲಿನ ದೂರು, ಚದುರಂಗದ ಆಟ ಎಲ್ಲವೂ ಮೋರ್ಸ್ ಸಂಕೇತದಲ್ಲೇ ನಡೆಯುತ್ತಿದ್ದವು. ಕುಟ್ಟುವ ಲಯದಿಂದಲೇ ಆಚೆ ಇರುವವರು ಯಾರೆಂದು ಗುರುತು ಹಿಡಿಯುತ್ತಿದ್ದರಂತೆ. ಸ್ವತಃ ಟೆಲಿಗ್ರಾಫ್ ಕೆಲಸ ಮಾಡಿದ್ದ ಎಲ್ಲಾ ಚೀವರ್ ಥೇಯರ್ ಎಂಬಾಕೆ 1879ರಲ್ಲಿ 'ವೈರ್ಡ್ ಲವ್' ಎಂಬ ಕಾದಂಬರಿಯನ್ನೇ ಬರೆದರು. ತಂತಿಯ ಮೇಲೆ ಪರಿಚಯವಾಗಿ, ಮುಖ ನೋಡದೆ ಸ್ನೇಹ ಬೆಳೆಸಿದ ಇಬ್ಬರ ಕಥೆ ಅದು. ಅಂತರ್ಜಾಲ ಹುಟ್ಟುವುದಕ್ಕೆ ಇನ್ನೂ ತೊಂಬತ್ತು ವರ್ಷವಿತ್ತು.

ಪಾಠದ ಯಂತ್ರದಲ್ಲಿ ಹರಟೆ

ಗಣಕಯಂತ್ರವನ್ನು ಕಟ್ಟಿದವರು ಅದು ಲೆಕ್ಕ ಮಾಡಲಿ ಎಂದು ಕಟ್ಟಿದರು. ಅದು ಕೈಗೆ ಬಂದ ಕೂಡಲೇ ಜನ ಮಾತಾಡಲು ಶುರುಮಾಡಿದರು! ಇದಕ್ಕೆ 1973ನೆಯ ಇಸವಿಯ ಎರಡು ಪ್ರಸಂಗಗಳು ಸ್ವಾರಸ್ಯಕರವಾಗಿವೆ.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 'ಪ್ಲೇಟೋ' ಎಂಬ ಗಣಕ ವ್ಯವಸ್ಥೆಯಿತ್ತು. ಉದ್ದೇಶ ಶುದ್ಧ ಶೈಕ್ಷಣಿಕ. ವಿದ್ಯಾರ್ಥಿಗಳು ತೆರೆಯ ಮುಂದೆ ಕುಳಿತು ಪಾಠ ಕಲಿಯಬೇಕು. ಅಲ್ಲಿ ಡೇವಿಡ್ ವೂಲಿ ಎಂಬ ಹದಿನೇಳರ ಹುಡುಗ, ಯಂತ್ರದ ದೋಷಗಳನ್ನು ಬಳಕೆದಾರರು ಬರೆದಿಡಲೆಂದು ಒಂದು ಚಿಕ್ಕ ವ್ಯವಸ್ಥೆ ರೂಪಿಸಿದ. ಅದೇ ವರ್ಷ ಡಗ್ ಬ್ರೌನ್ ಎಂಬ ಜೊತೆಗಾರನೊಡನೆ ಸೇರಿ, ಹಲವರು ಏಕಕಾಲಕ್ಕೆ ಬರೆದು ಮಾತಾಡಬಹುದಾದ 'ಟಾಕೋಮ್ಯಾಟಿಕ್' ಕಾರ್ಯಕ್ರಮವನ್ನೂ ಸಿದ್ಧಪಡಿಸಿದ. ದೋಷ ಬರೆದಿಡುವ ಪುಸ್ತಕ ಬಹುಬೇಗ ಕಷ್ಟಸುಖ ಹೇಳಿಕೊಳ್ಳುವ ಜಗಲಿಯಾಯಿತು. ತರಗತಿಯ ಹಿಂದಿನ ಬೆಂಚಿನ ಚೀಟಿ ರವಾನೆಯನ್ನು ಬಲ್ಲ ಯಾವ ಮೇಷ್ಟರಿಗೂ ಇದು ಅಚ್ಚರಿಯ ಸುದ್ದಿಯಲ್ಲ.

ಎರಡನೆಯ ಪ್ರಸಂಗ ಕ್ಯಾಲಿಫೋರ್ನಿಯಾದ ಬರ್ಕ್ಲಿ ಪಟ್ಟಣದ್ದು. ವಿದ್ಯಾರ್ಥಿಗಳು ನಡೆಸುತ್ತಿದ್ದ ಗ್ರಾಮಫೋನ್ ರೆಕಾರ್ಡ್ ಅಂಗಡಿಯ ಮಹಡಿಯ ಮೆಟ್ಟಿಲ ಬಳಿ, ಆಗಸ್ಟ್ ತಿಂಗಳಲ್ಲಿ ಲೀ ಫೆಲ್ಸೆನ್‌ಸ್ಟೈನ್ ಮತ್ತು ಗೆಳೆಯರು ಒಂದು ಟೆಲಿಟೈಪ್ ಯಂತ್ರವನ್ನು ತಂದಿಟ್ಟರು. ಅದರ ಸದ್ದು ಅಡಗಿಸಲು ರಟ್ಟಿನ ಪೆಟ್ಟಿಗೆ, ಕೈ ತೂರಿಸಲು ಎರಡು ತೂತು! ದೂರವಾಣಿ ತಂತಿಯ ಮೂಲಕ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದ ದೊಡ್ಡ ಗಣಕಕ್ಕೆ ಅದರ ಸಂಪರ್ಕವಿತ್ತು. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ಹುಡುಕಿ ಓದಬಹುದು. ಬಾಡಿಗೆ ಮನೆ, ಕೆಲಸದ ಜಾಹೀರಾತು ಬರಬಹುದೆಂದು ಕಟ್ಟಿದವರು ಎಣಿಸಿದ್ದರು. ಬಂದವುಗಳಲ್ಲಿ ಒಂದು ಪ್ರಶ್ನೆ ಹೀಗಿತ್ತು: ಈ ಊರಿನಲ್ಲಿ ಒಳ್ಳೆಯ ಬೇಗಲ್ ಎಲ್ಲಿ ಸಿಗುತ್ತದೆ? ಬೇಗಲ್ ಎಂದರೆ ನಡುವೆ ತೂತಿರುವ ಒಂದು ಬಗೆಯ ರೊಟ್ಟಿ. ನಮ್ಮಲ್ಲಿ ಪರವೂರಿಗೆ ಹೋದವರು ಒಳ್ಳೆ ದೋಸೆ ಎಲ್ಲಿ ಸಿಗುತ್ತದೆ ಎಂದು ವಿಚಾರಿಸುತ್ತಾರಲ್ಲ, ಹಾಗೆ. ಉತ್ತರಗಳಲ್ಲಿ ಕೆಲವು ಅಂಗಡಿಗಳ ಹೆಸರಿದ್ದವು. ಒಂದು ಉತ್ತರದಲ್ಲಿ ಮಾತ್ರ ಹಿಂದೆ ಬೇಗಲ್ ಮಾಡುತ್ತಿದ್ದವರೊಬ್ಬರ ದೂರವಾಣಿ ಸಂಖ್ಯೆಯಿತ್ತು. ಫೋನ್ ಮಾಡಿದರೆ ಅವರೇ ಮಾಡುವುದನ್ನು ಕಲಿಸಿಕೊಡುತ್ತಾರೆ ಎಂದು. ಅಂಗಡಿ ಕೇಳಿದವನಿಗೆ ಮೇಷ್ಟರೇ ಸಿಕ್ಕಂತಾಯಿತು.

ಲಿಫ್ಟು, ಪಾದರಸ ಮತ್ತು ನಗು

ಬರೆದ ಮಾತಿಗೆ ಒಂದು ದೊಡ್ಡ ಕೊರತೆಯಿದೆ. ದನಿ ಇಲ್ಲ, ಮುಖವಿಲ್ಲ. "ಬಾರಪ್ಪಾ, ದೊಡ್ಡ ಮನುಷ್ಯ!" ಎಂಬ ಮಾತನ್ನೇ ತೆಗೆದುಕೊಳ್ಳಿ. ಹೇಳುವ ರಾಗಕ್ಕೆ ತಕ್ಕಂತೆ ಅದು ಪ್ರೀತಿಯೂ ಹೌದು, ಕುಹಕವೂ ಹೌದು, ಮುನಿಸೂ ಹೌದು. ಕಾಗದದ ಮೇಲೆ ಬರೆದಾಗ ಇವುಗಳಲ್ಲಿ ಯಾವುದು?

ಈ ಕೊರತೆಯಿಂದ ಹುಟ್ಟಿದ್ದೇ ನಗೆಮೊಗದ ಚಿಹ್ನೆ. ಅದರ ಜನ್ಮವೃತ್ತಾಂತ ಒಂದು ಭೌತಶಾಸ್ತ್ರದ ಪ್ರಶ್ನೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. 1982ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಗಣಕ ವಿಭಾಗದವರು ತಮ್ಮ ಗಣಕ ಫಲಕದ ಮೇಲೆ ತಲೆಹರಟೆ ಪ್ರಶ್ನೆಗಳನ್ನು ಹಾಕಿಕೊಳ್ಳುತ್ತಿದ್ದರು. ಒಬ್ಬರು ಕೇಳಿದರು: ಲಿಫ್ಟಿನೊಳಗೆ ಉರಿಯುವ ಮೇಣದಬತ್ತಿಯಿದೆ, ನೆಲದ ಮೇಲೆ ಒಂದು ಹನಿ ಪಾದರಸವಿದೆ. ಲಿಫ್ಟಿನ ಹಗ್ಗ ಕಡಿದು ಅದು ಮುಕ್ತವಾಗಿ ಕೆಳಗೆ ಬೀಳತೊಡಗಿದರೆ ಬತ್ತಿಗೂ ಪಾದರಸಕ್ಕೂ ಏನಾಗುತ್ತದೆ?

ವಿದ್ಯಾರ್ಥಿಗಳು ಮುಂದೆ ಓದುವ ಮೊದಲು ಒಂದು ನಿಮಿಷ ಯೋಚಿಸಬಹುದು. ಮೇಣದಬತ್ತಿಯ ಜ್ವಾಲೆ ಮೇಲಕ್ಕೆ ಚೂಪಾಗಿರುವುದು ಬಿಸಿಗಾಳಿ ಹಗುರವಾಗಿ ಮೇಲೇರುವುದರಿಂದ. ಮುಕ್ತಪತನದಲ್ಲಿ ತೂಕವೇ ಇಲ್ಲದಂತಾಗುವುದರಿಂದ ಹಗುರ, ಭಾರ ಎಂಬ ಮಾತೇ ಇಲ್ಲ. ಬಿಸಿಗಾಳಿ ಮೇಲೇರುವುದಿಲ್ಲ, ಜ್ವಾಲೆ ಮಂಕಾದ ಗುಂಡು ಬುರುಡೆಯಾಗುತ್ತದೆ. ಪಾದರಸದ ಹನಿಯನ್ನು ಚಪ್ಪಟೆ ಮಾಡುತ್ತಿದ್ದುದೂ ಅದರ ತೂಕವೇ. ತೂಕ ಹೋದ ಮೇಲೆ ಮೇಲ್ಮೈ ಎಳೆತ ಅದನ್ನು ದುಂಡಗಾಗಿಸುತ್ತದೆ.

ಇರಲಿ. ಇಷ್ಟರಲ್ಲಿ ಇನ್ನೊಬ್ಬ ಪೋಲಿ, ಭೌತಶಾಸ್ತ್ರದ ಪ್ರಯೋಗದಿಂದಾಗಿ ಎಡಬದಿಯ ಲಿಫ್ಟಿನಲ್ಲಿ ಪಾದರಸ ಚೆಲ್ಲಿದೆ, ಸ್ವಲ್ಪ ಬೆಂಕಿಯೂ ತಗುಲಿದೆ, ಎಚ್ಚರಿಕೆ ಎಂದು ಫಲಕದಲ್ಲಿ ಬರೆದುಬಿಟ್ಟ. ಹಿಂದಿನ ಸಂಭಾಷಣೆ ಓದದೇ ಬಂದವರು ಅದನ್ನು ನಿಜವೆಂದೇ ನಂಬಿದರು! ಹಾಗಾದರೆ ತಮಾಷೆಯನ್ನು ತಮಾಷೆ ಎಂದು ಗುರುತಿಸುವುದು ಹೇಗೆಂಬ ಗಂಭೀರ ಚರ್ಚೆ ನಡೆಯಿತು. ಸೆಪ್ಟೆಂಬರ್ 19ರಂದು ಸ್ಕಾಟ್ ಫಾಲ್ಮನ್ ಎಂಬ ವಿಜ್ಞಾನಿ, ತಮಾಷೆಗೆ :-) ಎಂದೂ ತಮಾಷೆಯಲ್ಲದ್ದಕ್ಕೆ :-( ಎಂದೂ ಹಾಕೋಣ, ತಲೆ ಓರೆ ಮಾಡಿ ಓದಿ ಎಂದು ಸೂಚಿಸಿದರು. ಒಂದು ವಿವರಣ ಚಿಹ್ನೆ, ಒಂದು ಅಡ್ಡಗೆರೆ, ಒಂದು ಕಂಸ. ಅಷ್ಟರಿಂದ ಮುಖ ಮೂಡಿತು. ಇಂದು ಮೊಬೈಲಿನಲ್ಲಿ ಕುಣಿಯುವ ಬಣ್ಣಬಣ್ಣದ ಮುಖಗಳಿಗೆಲ್ಲ ಅದೇ ಹಿರಿಯಣ್ಣ.

ಚಿಹ್ನೆ ಇಲ್ಲದಿದ್ದರೆ ಎಷ್ಟು ಎಡವಟ್ಟಾಗುತ್ತದೆ? 2005ರಲ್ಲಿ ಜಸ್ಟಿನ್ ಕ್ರೂಗರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಇದನ್ನು ಅಳೆದಿದೆ. ವ್ಯಂಗ್ಯದ ಮತ್ತು ನೇರ ಮಾತುಗಳನ್ನು ಕೆಲವರು ಇ-ಮೇಲ್ ಮೂಲಕ, ಕೆಲವರು ದನಿಯ ಮೂಲಕ ಕಳಿಸಿದರು. ಸುಮಾರು 78 ಪಾಲು ಸರಿಯಾಗಿ ಅರ್ಥವಾಗುತ್ತದೆಂದು ಎರಡೂ ಗುಂಪಿನವರು ನಂಬಿದ್ದರು. ದನಿ ಕೇಳಿದವರು ನೂರಕ್ಕೆ 73ರಷ್ಟು ಸರಿಯಾಗಿ ಗುರುತಿಸಿದರು. ಇ-ಮೇಲ್ ಓದಿದವರದು 56. ನಾಣ್ಯ ಚಿಮ್ಮಿ ಹೇಳಿದ್ದರೂ 50 ಬರುತ್ತಿತ್ತು! ಬರೆಯುವವನ ತಲೆಯೊಳಗೆ ಮಾತಿನ ರಾಗ ಕೇಳಿಸುತ್ತಿರುತ್ತದೆ. ಓದುವವನಿಗೆ ಅದು ತಲುಪಿಯೇ ಇರುವುದಿಲ್ಲ. ಗೆಳೆಯರ ಗುಂಪುಗಳಲ್ಲಿ ಹೊತ್ತಿಕೊಳ್ಳುವ ಜಗಳಗಳಲ್ಲಿ ಎಷ್ಟೋ ಈ ಕಾರಣದ್ದೇ.

ಕನ್ನಡಿಗರಿಗೆ ಇದರ ಜೊತೆ ಇನ್ನೊಂದು ಕಷ್ಟವಿತ್ತು. ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಭಾರತದ ಜನಸಾಮಾನ್ಯರಿಗೆ ಅಂತರ್ಜಾಲವನ್ನು ತೆರೆದಾಗ ಅದರಲ್ಲಿ ಕನ್ನಡದಲ್ಲಿ ಬರೆಯುವುದು ಸುಲಭವಿರಲಿಲ್ಲ. ಪರದೇಶದಲ್ಲಿದ್ದವರೂ ಇಲ್ಲಿನವರೂ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆದುಕೊಳ್ಳಬೇಕಿತ್ತು. ಆ ಲಿಪಿಯಲ್ಲಿ ಹಳ್ಳಿಯೂ ಹಲ್ಲಿಯೂ ಒಂದೇ! "ರಜೆಗೆ ನಮ್ಮ ಹಲ್ಲಿಗೆ ಬನ್ನಿ" ಎಂಬ ಆಹ್ವಾನ ಓದಿ ನಗದವರಾರು? ದೊಡ್ಡ 'ಎಲ್' ಅಕ್ಷರ ಬಳಸಿದರೆ ಳಕಾರ ಎಂಬ ಒಪ್ಪಂದ ಬಂತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶವೂ ಅದೇ ಜಾಡಿನಲ್ಲಿ, ಇಂಗ್ಲಿಷ್ ಕೀಲಿಗಳನ್ನು ಒತ್ತಿ ಕನ್ನಡ ಮೂಡಿಸುವ ದಾರಿ ತೋರಿತು. ದೂರದ ಊರಿನ ಚಳಿಯಲ್ಲಿ ಕುಳಿತು ಹುಳಿಪುಡಿಗೆ ಎಷ್ಟು ಕೊತ್ತಂಬರಿ ಎಂದು ಕನ್ನಡದಲ್ಲೇ ಕೇಳುವ ಭಾಗ್ಯ ಸಣ್ಣದೇನಲ್ಲ.

ಬಾವಿಕಟ್ಟೆ

1985ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 'ವೆಲ್' ಎಂಬ ಗಣಕ ಸಮುದಾಯ ಆರಂಭವಾಯಿತು. ಸ್ಥಾಪಕರು ಇಬ್ಬರು: ಸ್ಟೂವರ್ಟ್ ಬ್ರಾಂಡ್ ಮತ್ತು ಲ್ಯಾರಿ ಬ್ರಿಲಿಯಂಟ್. ಎರಡನೆಯವರು ವೈದ್ಯರು, 1970ರ ದಶಕದಲ್ಲಿ ಭಾರತದಲ್ಲಿ ಸಿಡುಬು ನಿರ್ಮೂಲನದ ಕೆಲಸದಲ್ಲಿ ಹಳ್ಳಿಹಳ್ಳಿ ಸುತ್ತಿದವರು. ವೆಲ್ ಎಂಬುದು ಉದ್ದ ಹೆಸರೊಂದರ ಮೊದಲಕ್ಷರಗಳು. ಆದರೆ ಇಂಗ್ಲಿಷಿನಲ್ಲಿ ಅದಕ್ಕೆ ಬಾವಿ ಎಂಬ ಅರ್ಥವೂ ಇದೆ. ಕೊಡ ತುಂಬುವಷ್ಟರಲ್ಲಿ ಊರ ಹೆಣ್ಣುಮಕ್ಕಳು ಅತ್ತೆಯ ಕಾಟ, ಮಗುವಿನ ಕೆಮ್ಮು, ಎಮ್ಮೆಯ ಹಾಲು ಎಲ್ಲವನ್ನೂ ಮಾತಾಡಿ ಮುಗಿಸುತ್ತಿದ್ದ ಬಾವಿಕಟ್ಟೆಯನ್ನು ಕಂಡವರಿಗೆ ಈ ಹೆಸರಿನ ಔಚಿತ್ಯ ಹೇಳಬೇಕಾಗಿಲ್ಲ.

ವೆಲ್‌ನಲ್ಲಿ ತಂದೆತಾಯಂದಿರಿಗೆಂದೇ ಒಂದು ವಿಭಾಗವಿತ್ತು. 1986ರ ಬೇಸಿಗೆಯ ಒಂದು ರಾತ್ರಿ ಹೊವರ್ಡ್ ರೈನ್‌ಗೋಲ್ಡ್ ಎಂಬ ಬರಹಗಾರರ ಎರಡು ವರ್ಷದ ಮಗಳ ತಲೆಗೆ ಉಣ್ಣಿ ಕಚ್ಚಿಕೊಂಡಿತು. ಹೇಗೆ ಕೀಳಬೇಕೆಂದು ಗೊತ್ತಿಲ್ಲ. ಹೆಂಡತಿ ಮಕ್ಕಳ ವೈದ್ಯರಿಗೆ ಫೋನ್ ಮಾಡಿ ಮರುಕರೆಗಾಗಿ ಕಾದರು. ಗಂಡ ವೆಲ್‌ನಲ್ಲಿ ಪ್ರಶ್ನೆ ಹಾಕಿದರು. ವೈದ್ಯರ ಕಡೆಯಿಂದ ಫೋನ್ ಬರುವ ಮೊದಲೇ, ಅದೇ ಬಳಗದಲ್ಲಿದ್ದ ಇನ್ನೊಬ್ಬ ವೈದ್ಯರ ಉತ್ತರ ಬಂದು ಉಣ್ಣಿ ಹೊರಬಿದ್ದೂ ಆಗಿತ್ತು. ಉಣ್ಣಿ ಎಂದರೆ ಸಣ್ಣ ವಿಷಯವೆಂದು ಮಲೆನಾಡಿನವರು ಹೇಳಲಾರರು. ಮಂಗನ ಕಾಯಿಲೆಯನ್ನು ಹರಡುವುದು ಅದೇ ಜಾತಿಯ ಜೀವಿ. ರೈನ್‌ಗೋಲ್ಡ್ ಇಂಥ ಅನುಭವಗಳನ್ನೇ ಇಟ್ಟುಕೊಂಡು 1993ರಲ್ಲಿ 'ದಿ ವರ್ಚುವಲ್ ಕಮ್ಯುನಿಟಿ' ಎಂಬ ಪುಸ್ತಕ ಬರೆದರು.

ಕಷ್ಟವನ್ನು ಪರಿಚಿತರಿಗಿಂತ ಅಪರಿಚಿತರ ಮುಂದೆ ತೋಡಿಕೊಳ್ಳುವುದು ಸುಲಭ ಏಕೆ? ರಾತ್ರಿ ರೈಲಿನಲ್ಲಿ ಪಕ್ಕದಲ್ಲಿ ಕುಳಿತವರು ಅರಸೀಕೆರೆ ದಾಟುವಷ್ಟರಲ್ಲಿ ಮನೆಯ ಕಥೆಯನ್ನೆಲ್ಲ ಹೇಳಿಬಿಡುವುದಿಲ್ಲವೇ? ಹೇಳಿದ್ದು ನಾಳೆ ಊರಲ್ಲಿ ಹಬ್ಬುವುದಿಲ್ಲ ಎಂಬ ಧೈರ್ಯ. ಮುಖ ಕಾಣದಿರುವಾಗ ಸಂಕೋಚ ಸಡಿಲಗೊಳ್ಳುವುದನ್ನು ಮನೋವಿಜ್ಞಾನಿ ಜಾನ್ ಸೂಲರ್ 2004ರಲ್ಲಿ ವಿವರವಾಗಿ ಚರ್ಚಿಸಿದ್ದಾರೆ. ಅದೇ ಸಡಿಲಿಕೆ ಬೈಗುಳಕ್ಕೂ ದಾರಿ ಮಾಡುತ್ತದೆ ಎಂಬುದನ್ನೂ ಅವರು ಮರೆತಿಲ್ಲ. ಇನ್ನು ಬರೆಯುವುದರಿಂದಲೇ ಒಂದು ಬಗೆಯ ಹಗುರವಿದೆ. ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಬರೆದರು. ತಮಗಾದ ನೋವನ್ನೂ ಅದರ ಬಗೆಗಿನ ಭಾವನೆಯನ್ನೂ ಸೇರಿಸಿ ಬರೆದವರು ಮುಂದಿನ ಆರು ತಿಂಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋದದ್ದು ಉಳಿದವರಿಗಿಂತ ಕಡಿಮೆ.

ಇದರ ಜೊತೆಗೆ ಕಹಿ ಸುದ್ದಿಯೂ ಬಂದಿತ್ತು. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ 73 ಮನೆಗಳ 169 ಮಂದಿಯನ್ನು ಗಮನಿಸಿದ ರಾಬರ್ಟ್ ಕ್ರೌಟ್ ಮತ್ತು ತಂಡ, ಅಂತರ್ಜಾಲ ಹೆಚ್ಚು ಬಳಸಿದಷ್ಟೂ ಮನೆಯವರೊಡನೆ ಮಾತು ಕಡಿಮೆಯಾಯಿತು, ಒಂಟಿತನ ಹೆಚ್ಚಿತು ಎಂದು 1998ರಲ್ಲಿ ವರದಿ ಮಾಡಿತು. ಜಗತ್ತಿನೆಲ್ಲೆಡೆ ಪತ್ರಿಕೆಗಳು ಇದನ್ನು ದೊಡ್ಡದಾಗಿ ಪ್ರಕಟಿಸಿದವು. ಅದೇ ತಂಡ ಅವರನ್ನು ಮತ್ತೆ ಗಮನಿಸಿ 2002ರಲ್ಲಿ ಬರೆದ ಇನ್ನೊಂದು ಲೇಖನದಲ್ಲಿ, ಆ ದುಷ್ಪರಿಣಾಮಗಳು ಬಹುಮಟ್ಟಿಗೆ ಮಾಯವಾಗಿವೆ ಎಂದಿತು. ಈ ಎರಡನೆಯ ಸುದ್ದಿಗೆ ಮೊದಲಿನಷ್ಟು ಪ್ರಚಾರ ಸಿಗಲಿಲ್ಲ. ಸಿಗುವುದೂ ಇಲ್ಲ!

ಸತ್ತೇ ಇರದ ಹುಡುಗಿ

ಹಾಗೆಂದು ಅಮ್ಮನ ಗಾಬರಿ ಸುಳ್ಳಲ್ಲ. 2001ರ ಮೇ ತಿಂಗಳಲ್ಲಿ ರಕ್ತದ ಕ್ಯಾನ್ಸರಿನಿಂದ ಬಳಲುತ್ತಿದ್ದ ಕೇಸಿ ನಿಕೋಲ್ ಎಂಬ ಹತ್ತೊಂಬತ್ತರ ಅಮೆರಿಕನ್ ಹುಡುಗಿ ತೀರಿಕೊಂಡಳೆಂಬ ಸುದ್ದಿ ಅಂತರ್ಜಾಲದಲ್ಲಿ ಹಬ್ಬಿತು. ಆಕೆಯ ದಿನಚರಿಯನ್ನು ಓದುತ್ತಿದ್ದವರು, ಧೈರ್ಯ ಹೇಳುತ್ತಿದ್ದವರು, ಉಡುಗೊರೆ ಕಳಿಸಿದ್ದವರು ಅತ್ತರು. ಅಂತ್ಯಕ್ರಿಯೆ ಎಲ್ಲಿ ಎಂದು ವಿಚಾರಿಸಿದರೆ ಸರಿಯಾದ ಉತ್ತರವಿಲ್ಲ. ಪತ್ರಿಕೆಗಳಲ್ಲಿ ನಿಧನವಾರ್ತೆಯಿಲ್ಲ. ಕೆಲವೇ ದಿನಗಳಲ್ಲಿ ಓದುಗರೇ ಪತ್ತೆಮಾಡಿದರು: ಅಂಥ ಹುಡುಗಿಯೇ ಇರಲಿಲ್ಲ! ಆಕೆಯ ತಾಯಿಯೆಂದು ಹೇಳಿಕೊಂಡಿದ್ದ ಮಹಿಳೆಯೇ ಎಲ್ಲವನ್ನೂ ಬರೆಯುತ್ತಿದ್ದಳು.

ಇಂಥ ನಟನೆಯನ್ನು ವೈದ್ಯ ಮಾರ್ಕ್ ಫೆಲ್ಡ್‌ಮನ್ ಅದಕ್ಕೂ ಒಂದು ವರ್ಷ ಮೊದಲೇ ಗುರುತಿಸಿ ಬರೆದಿದ್ದರು. ಅವರು ಹೇಳುವ ಸುಳಿವುಗಳು ಪೋಷಕರಿಗೂ ಮಕ್ಕಳಿಗೂ ಉಪಯುಕ್ತ. ಸಾವಿನ ಅಂಚು, ಕೂಡಲೇ ಪವಾಡದ ಚೇತರಿಕೆ, ಮತ್ತೆ ಸಾವಿನ ಅಂಚು. ಗುಂಪಿನ ಗಮನ ಬೇರೆಡೆ ಹೋದಾಗಲೆಲ್ಲ ಹೊಸ ವಿಪತ್ತು. ಪುಸ್ತಕದಿಂದ ಎತ್ತಿದಂಥ ರೋಗವರ್ಣನೆ. ಫೋನಿನಲ್ಲಿ ಮಾತಾಡೋಣವೆಂದರೆ ನೂರೆಂಟು ನೆಪ. ಇದಕ್ಕೆ ನಮ್ಮ ಕಾಲದ ಅನುಭವದಿಂದ ಎರಡನ್ನು ಸೇರಿಸಬಹುದು: ಹಣ ಕೇಳುವವರು, ಮತ್ತು 'ಮನೆಯಲ್ಲಿ ಹೇಳಬೇಡ' ಎನ್ನುವವರು. ಮಕ್ಕಳ ವಿಷಯದಲ್ಲಿ ಈ ಕೊನೆಯದಕ್ಕಿಂತ ದೊಡ್ಡ ಎಚ್ಚರಿಕೆಯ ಗಂಟೆ ಇನ್ನಿಲ್ಲ. ವಂಚನೆಯಾಗಿದ್ದರೆ 1930 ಎಂಬ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿಯಿದೆ. ಮಕ್ಕಳಿಗೆ ಆಪತ್ತಾದರೆ 1098.

ಇನ್ನು ನಿಜವಾದ ಗೆಳೆಯನೇ ಒಂದು ರಾತ್ರಿ 'ಬದುಕು ಸಾಕಾಗಿದೆ' ಎಂದು ಬರೆದರೆ? ಹದಿನಾರರ ಹುಡುಗ ಅದನ್ನು ಒಬ್ಬನೇ ಹೊತ್ತುಕೊಂಡು ಬೆಳಗಿನವರೆಗೆ ಕೂರಬಾರದು. ದೂರದ ಗೆಳೆಯ ಮಾತು ಕೊಡಬಲ್ಲ, ನೀರು ತಂದುಕೊಡಲಾರ, ಬಾಗಿಲು ತಟ್ಟಲಾರ. ಹತ್ತಿರದ ಹಿರಿಯರೊಬ್ಬರಿಗೆ ಅದು ತಿಳಿಯಲೇಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ 'ಟೆಲಿ ಮಾನಸ್' ಸಹಾಯವಾಣಿಯ ಸಂಖ್ಯೆ 14416. ಅದಕ್ಕೆ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್.

ಇಬೆಲಿನ್ ಎಂಬ ಹುಡುಗ

ಇಷ್ಟೆಲ್ಲ ಹೇಳಿದ ಮೇಲೆ ನಾರ್ವೆಯ ಒಂದು ಮನೆಯ ಕಥೆಯನ್ನು ಹೇಳದಿದ್ದರೆ ಈ ವಿಷಯ ಅರ್ಧವೇ ಉಳಿಯುತ್ತದೆ.

ಮ್ಯಾಟ್ಸ್ ಸ್ಟೀನ್ 1989ರಲ್ಲಿ ಹುಟ್ಟಿದ. ಎಳವೆಯಲ್ಲಿ ಪದೇ ಪದೇ ಬೀಳುತ್ತಿದ್ದ ಮಗುವಿಗೆ ನಾಲ್ಕು ವರ್ಷವಾದಾಗ ಡುಶೆನ್ ಸ್ನಾಯುಕ್ಷಯವೆಂದು ವೈದ್ಯರು ಹೇಳಿದರು. ನಮ್ಮ ಸ್ನಾಯುವಿನ ತಂತುಗಳು ಹರಿಯದಂತೆ ಕಾಪಾಡುವುದು ಡಿಸ್ಟ್ರೋಫಿನ್ ಎಂಬ ಪ್ರೋಟೀನು. ಅದನ್ನು ತಯಾರಿಸುವ ಜೀನ್ ಎಕ್ಸ್ ವರ್ಣತಂತುವಿನ ಮೇಲಿದೆ. ಹೆಣ್ಣುಮಕ್ಕಳಿಗೆ ಎರಡು ಎಕ್ಸ್ ಇರುವುದರಿಂದ ಒಂದು ಕೆಟ್ಟರೆ ಇನ್ನೊಂದು ಕೈಹಿಡಿಯುತ್ತದೆ. ಗಂಡುಮಕ್ಕಳಿಗೆ ಇರುವುದೇ ಒಂದು. ಆದ್ದರಿಂದ ಈ ರೋಗ ಬಹುತೇಕ ಗಂಡುಮಕ್ಕಳನ್ನೇ ಕಾಡುತ್ತದೆ. ಮೊದಲು ಕಾಲು, ಆಮೇಲೆ ಕೈ, ಕೊನೆಗೆ ಉಸಿರಾಟ ಮತ್ತು ಹೃದಯದ ಸ್ನಾಯುಗಳು ಸೋಲುತ್ತವೆ.

ಮ್ಯಾಟ್ಸ್ ಗಾಲಿಕುರ್ಚಿಗೆ ಬಂದ. ಓರಗೆಯ ಹುಡುಗರು ಚೆಂಡಾಡಲು ಹೊರಟಾಗ ಇವನಿಗೆ ಕಂಪ್ಯೂಟರ್ ಆಟವೇ ಗತಿಯಾಯಿತು. ಬೆರಳುಗಳಲ್ಲಿ ಉಳಿದಿದ್ದ ಅಲ್ಪ ಶಕ್ತಿಯಿಂದಲೇ, ವಿಶೇಷವಾಗಿ ಜೋಡಿಸಿದ ಉಪಕರಣ ಬಳಸಿ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಆಟ ಆಡುತ್ತಿದ್ದ. ಬದುಕಿನ ಕೊನೆಯ ಹತ್ತು ವರ್ಷಗಳಲ್ಲಿ 15,000ದಿಂದ 20,000 ಗಂಟೆ! ದಿನಕ್ಕೆ ಎಂಟು ಗಂಟೆ ಕಚೇರಿಗೆ ಹೋಗುವವರು ಹತ್ತು ವರ್ಷದಲ್ಲಿ ದುಡಿಯುವುದು ಹೆಚ್ಚುಕಡಿಮೆ ಅಷ್ಟೇ. ತಂದೆ ರಾಬರ್ಟ್, ತಾಯಿ ಟ್ರೂಡ್ ಎಲ್ಲ ತಂದೆತಾಯಂದಿರಂತೆ ಸಂಕಟಪಟ್ಟರು. ರಾತ್ರಿ ಹೊತ್ತಾಯಿತು, ಸಾಕು, ಮಲಗು ಎನ್ನುತ್ತಿದ್ದರು. ಆಟಗಾರರ ಬಳಗ ಸೇರುವುದೇ ರಾತ್ರಿ ಎಂಬುದು ಅವರಿಗೆ ಗೊತ್ತಿರಲಿಲ್ಲ. ಮಗ ಒಬ್ಬ ಗೆಳೆಯನೂ ಇಲ್ಲದೆ, ಯಾರಿಗೂ ಒದಗದೆ ಬದುಕು ಕಳೆದನಲ್ಲಾ ಎಂಬುದೇ ಅವರ ದೊಡ್ಡ ನೋವಾಗಿತ್ತು.

2014ರ ನವೆಂಬರ್ 18ರಂದು ಮ್ಯಾಟ್ಸ್ ತೀರಿಕೊಂಡ. 25 ವರ್ಷ. ಅವನು ಅಂತರ್ಜಾಲದಲ್ಲಿ ದಿನಚರಿಯಂಥದೊಂದನ್ನು ಬರೆಯುತ್ತಿದ್ದ. ಅದರ ಗುಪ್ತಪದವನ್ನು ಮನೆಯವರಿಗೆ ಬಿಟ್ಟುಹೋಗಿದ್ದ. ತಂದೆ ಅದರಲ್ಲಿ ಮಗನ ಸಾವಿನ ಸುದ್ದಿ ಬರೆದು, ತಮ್ಮ ಇ-ಮೇಲ್ ವಿಳಾಸ ಕೊಟ್ಟರು. ಯಾರಾದರೂ ಉತ್ತರಿಸುತ್ತಾರೆಂಬ ನಿರೀಕ್ಷೆ ಅವರಿಗಿರಲಿಲ್ಲ.

ಉತ್ತರ ಬರತೊಡಗಿತು. ಒಂದಾದ ಮೇಲೊಂದು, ಹಲವು ದೇಶಗಳಿಂದ. ಆಟದೊಳಗೆ ಮ್ಯಾಟ್ಸ್‌ನ ಹೆಸರು 'ಇಬೆಲಿನ್'. ಗಟ್ಟಿಮುಟ್ಟಾದ ಮೈಕಟ್ಟಿನ, ಹೆಂಗಳೆಯರನ್ನು ಚುಡಾಯಿಸುವ, ಬಾಯಿತುಂಬ ಮಾತಿನ ಪತ್ತೇದಾರ ಅವನು. 'ಸ್ಟಾರ್‌ಲೈಟ್' ಎಂಬ ಸುಮಾರು 30 ಮಂದಿಯ ತಂಡದ ಸದಸ್ಯ. ಆ ತಂಡದವರು ರಾಕ್ಷಸರನ್ನು ಕೊಲ್ಲುವುದಕ್ಕಿಂತ ಹೆಚ್ಚಾಗಿ ಆಟದ ಊರಿನ ಹೋಟೆಲಿನಲ್ಲಿ ಕುಳಿತು ಹರಟುತ್ತಿದ್ದರೆನ್ನಬೇಕು! ಕೆಲಸದ ರಗಳೆ, ಮನೆಯ ಜಗಳ, ಮುರಿದ ಪ್ರೀತಿ, ಜೋಕು. ಇಬೆಲಿನ್ ಸಾಧುಸಂತನೇನಲ್ಲ. ಸಿಡುಕಿದ್ದುಂಟು, ಮನಸ್ತಾಪ ಮಾಡಿಕೊಂಡದ್ದುಂಟು. ತನ್ನ ಕಾಯಿಲೆಯ ವಿಷಯವನ್ನಂತೂ ವರ್ಷಗಟ್ಟಲೆ ಮುಚ್ಚಿಟ್ಟಿದ್ದ. ಗೆಳೆಯರಿಗೆ ಅದು ತಿಳಿದದ್ದು ಕೊನೆಕೊನೆಗೆ. ಆದರೆ ಬೇರೆಯವರು ಹೇಳಿಕೊಂಡದ್ದನ್ನು ಅವನು ಕೇಳುತ್ತಿದ್ದ.

ನೆದರ್ಲೆಂಡ್ಸ್‌ನ ಒಬ್ಬ ಹುಡುಗಿ ಇವನಿಗಿಂತ ಒಂದು ವರ್ಷ ಚಿಕ್ಕವಳು. ಓದಿನಲ್ಲಿ ಹಿಂದೆ ಬಿದ್ದಳೆಂದು ಮನೆಯವರು ಆಕೆಯ ಆಟವನ್ನು ನಿಲ್ಲಿಸಿಬಿಟ್ಟರು. ಗೆಳೆಯರ ನಂಟು ಕಡಿದು ಹುಡುಗಿ ಕುಗ್ಗಿಹೋದಳು. ಮ್ಯಾಟ್ಸ್ ಜಗಳಕ್ಕೆ ಹೋಗಲಿಲ್ಲ. ಆಕೆಯ ತಂದೆತಾಯಿಗೆ ಒಂದು ಕಾಗದ ಬರೆದ, ಈ ಸ್ನೇಹ ತಮಗಿಬ್ಬರಿಗೂ ಏನೆಂದು ವಿವರಿಸಿ. ಆ ಕಾಗದವನ್ನು ಆಕೆ ಜೋಪಾನವಾಗಿಟ್ಟುಕೊಂಡಿದ್ದಾಳೆ. ಡೆನ್ಮಾರ್ಕಿನ ಒಬ್ಬ ತಾಯಿಯದು ಇನ್ನೊಂದು ಕಷ್ಟ. ಆಟಿಸಂ ಇರುವ ಮಗ ಕೋಣೆ ಬಿಟ್ಟು ಬರುವುದೇ ಅಪರೂಪ, ಮುಟ್ಟಿದರೆ ಸಹಿಸಲಾರ. ಅವನು ಆಡುವ ಆಟದೊಳಗೇ ಹೋಗಿ ಅವನನ್ನು ಭೇಟಿಯಾಗು ಎಂದು ಮ್ಯಾಟ್ಸ್ ಸಲಹೆ ಕೊಟ್ಟ. ಮಗ ಅಮ್ಮನನ್ನು ಮೊದಲು ಅಪ್ಪಿಕೊಂಡದ್ದು ತೆರೆಯ ಮೇಲಿನ ಗೊಂಬೆಗಳ ರೂಪದಲ್ಲಿ. ನಿಜದ ಅಪ್ಪುಗೆ ಆಮೇಲೆ ಬಂತು.

ಇವೆಲ್ಲ ಊಹೆಯ ಮಾತಲ್ಲ. ಆಟದೊಳಗಿನ ಮಾತುಕತೆಯನ್ನು ತಂಡದವರು ಉಳಿಸಿಟ್ಟಿದ್ದರು, ಒಟ್ಟು 42,000 ಪುಟ! ಅದನ್ನೇ ಆಧಾರವಾಗಿಟ್ಟುಕೊಂಡು ಬೆಂಜಮಿನ್ ರೀ ನಿರ್ದೇಶಿಸಿದ ಸಾಕ್ಷ್ಯಚಿತ್ರ 2024ರಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಪಡೆಯಿತು. ಓದಿದರೆ ಅದರಲ್ಲಿ ಹೆಚ್ಚಿನ ಪಾಲು ಯಾವ ಮಹತ್ವವೂ ಇಲ್ಲದ ಲೋಕಾಭಿರಾಮವೇ ಇರಬೇಕು. ಆ ಲೋಕಾಭಿರಾಮ ವರ್ಷಗಟ್ಟಲೆ ನಡೆದಿದ್ದರಿಂದಲೇ ಹುಡುಗಿಯೂ ತಾಯಿಯೂ ತಮ್ಮ ದೊಡ್ಡ ಕಷ್ಟವನ್ನು ಅವನ ಮುಂದೆ ಇಡಬಲ್ಲವರಾದರು.

ಓಸ್ಲೋದಲ್ಲಿ ನಡೆದ ಅಂತ್ಯಕ್ರಿಯೆಗೆ ಬೇರೆ ಬೇರೆ ದೇಶಗಳಿಂದ ಕೆಲವರು ಬಂದರು. ಪ್ರಯಾಣದ ಖರ್ಚು ಭರಿಸಲಾಗದವರಿಗೆ ತಂಡದವರೇ ಹಣ ಕೂಡಿಸಿದ್ದರು. ಮ್ಯಾಟ್ಸ್‌ನ ಮನೆಯವರು ಅವರ ಮುಖಗಳನ್ನು ನೋಡಿದ್ದು ಅದೇ ಮೊದಲು. ಬರಲಾಗದವರು ತಾವಿದ್ದಲ್ಲೇ, ನೆದರ್ಲೆಂಡ್ಸ್‌ನ ಒಂದು ತರಗತಿಯಲ್ಲಿ, ಐರ್ಲೆಂಡಿನ ಒಂದು ಕಾಲ್ ಸೆಂಟರಿನಲ್ಲಿ, ಸ್ವೀಡನ್ನಿನ ಒಂದು ಗ್ರಂಥಾಲಯದಲ್ಲಿ ಅವನ ಹೆಸರಿನಲ್ಲಿ ಮೇಣದಬತ್ತಿ ಹಚ್ಚಿದ್ದಾರೆಂದು ತಂಡದ ಪರವಾಗಿ ಮಾತಾಡಿದವರು ಅಲ್ಲಿ ನೆರೆದವರಿಗೆ ತಿಳಿಸಿದರು.

ಇಬೆಲಿನ್‌ಗೆ ಒಂದು ಅಭ್ಯಾಸವಿತ್ತು. ಆಟಕ್ಕೆ ಬಂದ ಕೂಡಲೇ ಬೇರೇನನ್ನೂ ಮಾಡದೆ ಅರ್ಧ ಗಂಟೆ ಸುಮ್ಮನೆ ಓಡುವುದು. ಒಂದೇ ದಾರಿ, ದಿನವೂ. ಇದೇನು ಹುಚ್ಚೆಂದು ಗೆಳೆಯರು ಗೇಲಿ ಮಾಡುತ್ತಿದ್ದಿರಬಹುದು. ಗಾಲಿಕುರ್ಚಿಯ ವಿಷಯ ಅವರಿಗೇನು ಗೊತ್ತು? ಅವನು ಹೋದ ಮೇಲೆ ತಂಡದವರು ವರ್ಷಕ್ಕೊಮ್ಮೆ ಅವನ ನೆನಪಿಗಾಗಿ ಆಟದೊಳಗೆ ಸೇರಿ, ಅವನು ಓಡುತ್ತಿದ್ದ ಅದೇ ದಾರಿಯಲ್ಲಿ ಒಟ್ಟಾಗಿ ಓಡತೊಡಗಿದರು.